ಹಗೇವಿನ ಮೇಲಿನ ಮನೆ

ಬಾಡಿಗೆ ಮನೆ ಎಂದರೆ ನನಗೆ ಮೊದಲು ನೆನಪಾಗುವುದು ಕೊಡಲಿ, ನಮ್ಮನ್ನು ಬಾಡಿಗೆ ಮನೆಗೆ ಅಟ್ಟಿದ್ದೇ ಅದು. ಲಿಂಗಸುಗೂರಿನ ನಮ್ಮ ಕೂಡುಮನೆಯಲ್ಲಿ ನನ್ನ ಭಾವ ಅಡಿಗೆಕೋಣೆಯ ಹೊಸ್ತಿಲಿಗೆ ಕೊಡಲಿ ಹೊಡೆದು ನಿಲ್ಲಿಸಿ, "ಇದನ್ನ ದಾಟಿ ಒಳಗ ಬಂದ್ರ ಕಾಲು ಇಲ್ಲೇ ಬೀಳ್ತಾವ" ಅಂದಿದ್ದ. ಎರಡೇ ಕೋಣೆ, ಅದರಲ್ಲಿ ಮೂರು ಸಂಸಾರ. ಜಗಳ ಹುಟ್ಟಿದ್ದು ಒಲೆಯ ಸಲುವಾಗಿ. ನನ್ನ ರೊಟ್ಟಿ ನಾನು ಬೇರೆ ತಟ್ಟಿಕೊಳ್ಳುತ್ತೇನೆ ಅಂದೆ. ನೆಗೆಣ್ಣಿ ನನ್ನ ಹಂಚನ್ನು ಒದ್ದಳು. ನಾನು ಅವಳ ಜಡೆಗೆ ಕೈ ಹಾಕಿದೆ. ಗಂಡಸರು ಬಿಡಿಸಲು ಬಂದು ತಾವೇ ಹಿಡಿದಾಡಿದರು. ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರಲ್ಲ, ನನ್ನ ಕೋಪ ಇಡೀ ಮನೆಗೇ ಮೂಲವಾಯಿತು. ಆದರೂ ಹೇಳುತ್ತೇನೆ, ಆ ಹಂಚನ್ನು ಅವಳು ಒದೆಯಬಾರದಿತ್ತು.

ಅವತ್ತು ನಾವು ಹೊರಬಿದ್ದಾಗ ಗಂಡನ ಹೆಗಲ ಮೇಲೆ ಹಾಸಿಗೆ, ನನ್ನ ತಲೆಯ ಮೇಲೆ ಬೀಸುಕಲ್ಲು. ಮುದಗಲ್ಲಿನ ನನ್ನ ಅಪ್ಪ ಮದುವೆಯಲ್ಲಿ ಕೊಟ್ಟ ಕಲ್ಲು ಅದು. ಬಂಗಾರ ಕೊಡಲಾಗದವನು ಕಲ್ಲು ಕೊಟ್ಟಿದ್ದ. ಹೊತ್ತು ನಡೆದರೆ ಕುತ್ತಿಗೆ ಹೊಟ್ಟೆಯೊಳಗೆ ಇಳಿದ ಹಾಗಾಗುತ್ತಿತ್ತು.

ಮಸ್ಕಿಯಲ್ಲಿ ಒಬ್ಬನ ಮನೆಯ ಹಿಂದಿನ ಕೋಣೆ ಸಿಕ್ಕಿತು. ನಡುವೆ ಒಂದು ಮಣ್ಣಿನ ಗೋಡೆ. ಗೋಡೆಯಾಚೆ ಅವನು ದಿನಾ ಕುಡಿದು ಬಂದು ಹೆಂಡತಿಯನ್ನು ಬಡಿಯುತ್ತಿದ್ದ. ಅವಳ ಬೆನ್ನು ಗೋಡೆಗೆ ಬಡಿದಾಗಲೆಲ್ಲ ನಮ್ಮ ಗಂಗಾಳಕ್ಕೆ ಮಣ್ಣು ಉದುರುತ್ತಿತ್ತು. ಒಂದು ಸಂಜೆ ಅವಳು ಓಡಿಬಂದು ನನ್ನ ಬೆನ್ನ ಹಿಂದೆ ಅಡಗಿಕೊಂಡಳು. ಅವನು ಕುಡುಗೋಲು ಹಿಡಿದು ಬಂದ. ನನ್ನ ಗಂಡ ಬರಿಗೈಯಲ್ಲಿ ಅದರ ಅಲಗು ಹಿಡಿದುಬಿಟ್ಟ. ಅಂಗೈ ಸೀಳಿ ನೆಲವೆಲ್ಲ ರಕ್ತ. ಹಾಗೇ ಅವನನ್ನು ಕೆಡವಿ, ಎದೆಯ ಮೇಲೆ ಕೂತು, ಕುಡಿದದ್ದು ಇಳಿಯುವ ತನಕ ಹಿಡಿದಿದ್ದ.

ಮರುದಿನ ಬೆಳಿಗ್ಗೆ ನಮ್ಮ ಹಾಸಿಗೆಯನ್ನು ಬೀದಿಗೆ ಎಸೆದವಳು ಆ ಹೆಂಡತಿಯೇ.

"ನನ್ನ ಗಂಡನ ಮೈಮ್ಯಾಲೆ ಕೈ ಹಾಕಿದೋರು ನನ್ನ ಮನ್ಯಾಗ ಬ್ಯಾಡ. ನಡೀರಿ!"

"ನಿನ್ನ ಜೀವಾ ಉಳಿಸಿದ್ವಲ್ಲೇ, ಮೂದೇವಿ!" ಅಂದೆ.

"ನನ್ನ ಜೀವಾ ನನ್ನ ಗಂಡಂದು. ನಿಮಗ್ಯಾಕ ಬೇಕು?" ಅಂದಳು. ಕಲ್ಲು ಮತ್ತೆ ನನ್ನ ತಲೆಗೇರಿತು.

ಸಿಂಧನೂರಿಗೆ ಬಂದೆವು. ಕಾಲುವೆಗೆ ನೀರು ಬಿಟ್ಟ ಮೇಲೆ ಆ ಊರಿಗೆ ಹುಚ್ಚು ಹಿಡಿದಿತ್ತು. ಆಂಧ್ರದಿಂದ ಜನ ಬಂದು ಹೊಲ ಕೊಂಡು ಸುತ್ತಲೂ ಕ್ಯಾಂಪು ಹೂಡಿದ್ದರು. ಗಂಜಿನಲ್ಲಿ, ಅಂದರೆ ಕಾಳಿನ ಮಾರುಕಟ್ಟೆಯಲ್ಲಿ, ಭತ್ತದ ಚೀಲ ಬೆಟ್ಟದಂತೆ ಬೀಳುತ್ತಿತ್ತು. ನನ್ನ ಗಂಡನಿಗೆ ಹಮಾಲಿ ಕೆಲಸ ಬಂದ ದಿನವೇ ಸಿಕ್ಕಿತು. ಸಿಗದಿದ್ದದ್ದು ಮನೆ. ಬಾಡಿಗೆ ದಿನಕ್ಕೊಂದು ಹೇಳುತ್ತಿದ್ದರು. ಕೊಟ್ಟಿಗೆಯಿದ್ದವರು ದನಗಳನ್ನು ಹೊರಗೆ ಕಟ್ಟಿ ಒಳಗೆ ಮನುಷ್ಯರನ್ನು ಇಟ್ಟಿದ್ದರು, ಅದಕ್ಕೂ ಕ್ಯೂ. ನಾವು ಗಂಜಿನ ಕಟ್ಟೆಯ ಮೇಲೆ ಮಲಗುತ್ತಿದ್ದೆವು. ಕಾವಲುಗಾರ ಬೆಳಗಾಗುವ ಮೊದಲೇ ಬಂದು ಅಂಗಾಲಿಗೆ ಲಾಠಿಯಿಂದ ಬಾರಿಸುತ್ತಿದ್ದ. ಆಗ ನನಗೆ ದಿನ ನಿಂತಿದ್ದವು. ಒಂದು ಬೆಳಿಗ್ಗೆ ಅವನು ಬಾರಿಸಿದ್ದು ಅಂಗಾಲು ತಪ್ಪಿ ಸೊಂಟಕ್ಕೆ ಬಿತ್ತು. ಅವತ್ತೇ ಮಧ್ಯಾಹ್ನ ಚೀಲಗಳ ಮರೆಯಲ್ಲಿ ಎಲ್ಲ ಹೋಯಿತು. ಸೆರಗು ಕಚ್ಚಿ ಹಿಡಿದು ಅತ್ತೆ. ಅತ್ತು ಮುಗಿಸಿ ಗಂಡನಿಗೆ ಹೇಳಿದೆ:

"ಇನ್ನ ಈ ಕಲ್ಲು ಹೊರೂದು ಒಂದೇ ಸಲ. ಅದನ್ನ ಎಲ್ಲಿ ಇಳಸ್ತೀನಿ, ಅಲ್ಲಿಂದ ನನ್ನ ಹೆಣಾನ ಏಳಬೇಕು."

ಅವನ ಜೊತೆ ಚೀಲ ಹೊರುವ ವಯಸ್ಸಾದ ಹಮಾಲನೊಬ್ಬನಿದ್ದ. ಎಲ್ಲರೂ ಅವನನ್ನು ಚಾಚಾ ಅನ್ನುತ್ತಿದ್ದರು. ಮನೆಯ ಸುದ್ದಿ ತಂದವನು ಅವನೇ. "ಊರ ಹೊರಗ ಒಬ್ಬ ಸಾವ್ಕಾರಂದು ಕೋಣಿ ಐತಿ ಬೇಟಾ. ಬಾಡಿಗಿ ಸಸ್ತಾ. ಆದ್ರ ಮನುಷ್ಯಾ ಮಾತ್ರ ಸೈತಾನ."

"ಇರಲಿ. ಸೈತಾನಗ ಸೂರು ಐತಲ್ಲ," ಅಂದೆ ನಾನು.

ಬಾಡಿಗೆ ಯಾಕೆ ಸಸ್ತಾ ಎಂದು ಒಳಗೆ ಹೋದಾಗ ಗೊತ್ತಾಯಿತು. ಕೋಣೆಯ ನಡುವೆ ಒಂದು ದುಂಡು ಚಪ್ಪಡಿ, ಅದರ ಸುತ್ತ ಮಣ್ಣು ಮೆತ್ತಿತ್ತು. ಕೆಳಗೆ ಹಗೇವು. ಜೋಳ ತುಂಬಿಡುವ ನೆಲಗುಂಡಿ. ಹೂಜಿಯ ಆಕಾರ, ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ಮಾತ್ರ ಈ ಕೋಣೆಗಿಂತ ದೊಡ್ಡದು. ಒಳಗೆಲ್ಲ ಜೋಳದ ಒಣದಂಟಿನ ಕಣಿಕೆ ಹಾಸಿ, ಜೋಳ ಸುರಿದು, ಬಾಯಿ ಮುಚ್ಚಿ ಮೆತ್ತಿದರೆ ವರ್ಷಗಟ್ಟಲೆ ಒಂದು ಕಾಳೂ ಕೆಡುತ್ತಿರಲಿಲ್ಲ. ನಮ್ಮ ಒಣಸೀಮೆಯ ನೆಲದ ಒಳಗೆ ತೇವ ಎನ್ನುವುದೇ ಇರಲಿಲ್ಲವಲ್ಲ. ಸಾವ್ಕಾರನಿಗೆ ಬೇಕಿದ್ದದ್ದು ಬಾಡಿಗೆಯವರಲ್ಲ, ಕಾವಲಿಗೆ ಎರಡು ನಾಯಿಗಳು. ಕಾವಲಿನ ಕೂಲಿ ಬಾಡಿಗೆಯಲ್ಲಿ ವಜಾ.

"ಇದರ ಮ್ಯಾಲೇ ಮಲಗಬೇಕು. ಮೆತ್ತಿದ ಮಣ್ಣಾಗ ಒಂದು ಬಿರುಕು ಕಂಡ್ರ ಚರ್ಮ ಸುಲೀತೀನಿ," ಅಂದ. ಕೈಯಲ್ಲಿ ಎತ್ತು ಹೊಡೆಯುವ ಬಾರುಕೋಲು. ಹೊಲಕ್ಕೆ ಹೋಗದ ದಿನವೂ ಅದು ಅವನ ಕೈಯಲ್ಲಿ ಇರುತ್ತಿತ್ತು. ಆಳು, ಎತ್ತು, ಹೆಂಡತಿ, ಎಲ್ಲರಿಗೂ ಅದೇ. ಅವನು ಮಣಿಯುತ್ತಿದ್ದದ್ದು ಒಬ್ಬಳಿಗೇ, ಪಕ್ಕದ ಪಡಸಾಲೆಯಲ್ಲಿ ಕೂತೇ ಇರುವ ಅವನ ತಾಯಿಗೆ. ಮುದುಕಿ ನನ್ನನ್ನು ನೋಡಿ, "ಕಲ್ಲು ಇಳಿಸವ್ವಾ, ಎಷ್ಟೊತ್ತಂತ ಹೊರ್ತಿ?" ಅಂದಳು. ಇಳಿಸಿದೆ. ಅದು ನೆಲಕ್ಕೆ ತಾಗಿದ ಸದ್ದು ನನ್ನ ಎದೆಗೆ ತಂಪೆನಿಸಿತು.

ಎರಡು ಬೆಳೆ ಕಳೆದವು. ಮನೆಯ ಹಿಂದೆಯೇ ಸಾವ್ಕಾರನ ಹೊಲ. ಮೊದಲು ಬಿಳಿಜೋಳ ಬೆಳೆಯುತ್ತಿದ್ದವನು ಕಾಲುವೆ ಬಂದ ಮೇಲೆ ಭತ್ತ ಹಚ್ಚಿದ್ದ. ನಮ್ಮ ಹಿಂದಿನ ಗೋಡೆಯ ತನಕ ನೀರು ನಿಂತಿರುತ್ತಿತ್ತು. ಗೋಡೆಯ ಬುಡದಲ್ಲಿ ಬೆಳ್ಳಗೆ ಉಪ್ಪು ಎದ್ದಿತು. ಮಲಗಿದರೆ ಬೆನ್ನಿಗೆ ಥಂಡಿ. ಆಮೇಲಾಮೇಲೆ ಚಪ್ಪಡಿಯ ಸುತ್ತ ಹುಳಿಹಿಟ್ಟಿನಂಥ ವಾಸನೆ. ನಾನು ಹೋಗಿ ಹೇಳಿದೆ.

"ಸಾವ್ಕಾರ್ರ, ಹಗೇವು ನಾರಾಕತ್ತೈತ್ರಿ."

"ನಿನ್ನ ಮೂಗು ತೊಳಕೋ," ಅಂದ.

ಅವನೊಬ್ಬನದೇ ತಪ್ಪು ಅನ್ನಲಾರೆ. ನೀರು ಮೇಲಿಂದ ಬೀಳುತ್ತದೆ, ಬಾವಿಯಲ್ಲಿ ಇರುತ್ತದೆ, ನಮಗೆ ಗೊತ್ತಿದ್ದದ್ದು ಅಷ್ಟೇ. ಹೊಲದಲ್ಲಿ ನಿಂತ ನೀರು ನೆಲದೊಳಗೇ ಹರಿದು ಹಗೇವಿನ ಹೊಟ್ಟೆಗೆ ಬಸಿಯುತ್ತದೆ ಎಂದು ನಮ್ಮ ಸೀಮೆಯವರು ಯಾರೂ ಕನಸಿನಲ್ಲಿಯೂ ಎಣಿಸಿರಲಿಲ್ಲ. ಬಳಗಾನೂರು, ತುರ್ವಿಹಾಳ, ಎಲ್ಲ ಕಡೆ ಆ ವರ್ಷಗಳಲ್ಲಿ ಹಗೇವುಗಳು ಹೀಗೇ ಸತ್ತವು. ಆದರೆ ಒಂದು ಸಲ ಬಗ್ಗಿ ಮೂಸಿ ನೋಡಿದ್ದರೆ ಅವನ ಗಂಟೇನು ಹೋಗುತ್ತಿತ್ತು?

ಬೇಸಿಗೆಯಲ್ಲಿ ಜೋಳದ ಧಾರಣೆ ಏರಿತು. ಸಾವ್ಕಾರ ಬಂಡಿ ಹೂಡಿಸಿದ. ಚೀಲ ತುಂಬಿ ಮೇಲೆಳೆಯಲು ನನ್ನ ಗಂಡನನ್ನೂ ಚಾಚಾನನ್ನೂ ನಿಲ್ಲಿಸಿಕೊಂಡ. ಹಗೇವು ತೆಗೆಯುವುದಕ್ಕೆ ಒಂದು ರೀತಿ ಇದೆ. ಬಾಯಿ ತೆರೆದ ದಿನ ಒಳಗೆ ಇಳಿಯುವಂತಿಲ್ಲ. ಒಳಗಿನ ಕೆಟ್ಟ ಗಾಳಿ ಹೋಗಲಿ ಎಂದು ಮರುದಿನದ ತನಕ ಬಿಟ್ಟು, ದೀಪ ಹಚ್ಚಿ ಹಗ್ಗದಲ್ಲಿ ಇಳಿಸಿ ನೋಡುತ್ತಾರೆ. ದೀಪ ಉರಿದರೆ ಮನುಷ್ಯ ಇಳಿಯಬಹುದು, ಆರಿದರೆ ಇಲ್ಲ. ಮುದುಕಿ ಪಡಸಾಲೆಯಿಂದಲೇ, "ಇವತ್ತು ತೆರೆದು ಬಿಡೋ, ನಾಳಿ ಇಳಸು" ಎಂದು ಕೂಗಿದಳು. ಬಂಡಿ ಬಾಗಿಲಲ್ಲಿ ನಿಂತಿದೆ, ಅವತ್ತು ತಾಯಿಯ ಮಾತನ್ನೂ ಇವನು ಕೇಳುತ್ತಾನೆಯೇ?

ಚಪ್ಪಡಿ ಎತ್ತಿದ್ದೇ ತಡ, ನಾತ ಮುಖಕ್ಕೆ ಹೊಡೆಯಿತು. ಚಾಚಾ ಹಿಂದಕ್ಕೆ ಜಿಗಿದ. ಸಾವ್ಕಾರ ಉದ್ದ ಕೋಲು ಇಳಿಬಿಟ್ಟು ಮೇಲೆಳೆದ. ಕೋಲಿನ ತುದಿಯಲ್ಲಿ ಜೋಳ ಇರಲಿಲ್ಲ, ಕರಿ ರಾಡಿ ಇತ್ತು. ಅವನು ಅದನ್ನು ನೋಡಿದ. ಆಮೇಲೆ ಮೂಲೆಯಲ್ಲಿದ್ದ ನನ್ನ ಬಚ್ಚಲನ್ನು ನೋಡಿದ.

"ನೀರು ಹಾಕ್ಯಾಳ! ಮೈತೊಳದ ನೀರೆಲ್ಲಾ ನನ್ನ ಹಗೇವಿಗೆ ಸುರದಾಳ ರಂಡಿ!"

ಬಾರುಕೋಲು ಮೊದಲು ನನ್ನ ಬೆನ್ನಿಗೆ ಬಿತ್ತು. ಎರಡನೆಯದಕ್ಕೆ ಗಂಡ ಅಡ್ಡ ಬಂದ, ಅವನ ಕಿವಿ ಹರಿಯಿತು. ಸಾವ್ಕಾರ ನನ್ನ ಕೂದಲು ಹಿಡಿದು ಬಾಗಿಲ ತನಕ ಎಳೆದ. ನಾನು ಅವನ ತೊಡೆಗೆ ಉಗುರು ಇಳಿಸಿದೆ. ನನ್ನ ಗಡಿಗೆಗಳೆಲ್ಲ ಒಂದೊಂದಾಗಿ ಅಂಗಳಕ್ಕೆ ಬಿದ್ದು ಒಡೆದವು. ಕೊನೆಗೆ ಅವನು ಬೀಸುಕಲ್ಲಿಗೆ ಕೈ ಹಾಕಿದಾಗ ನನ್ನ ಗಂಡ ಅವನ ಕಾಲು ಹಿಡಿದ. ಕಿವಿಯಿಂದ ರಕ್ತ ಸೋರುತ್ತಿರುವ ಮನುಷ್ಯ ಹೊಡೆದವನ ಕಾಲು ಹಿಡಿದ. ಆ ನೋಟಕ್ಕಿಂತ ಬಾರುಕೋಲಿನ ಏಟೇ ಮೇಲಾಗಿತ್ತು.

"ಹೊರಗ ಹಾಕಬ್ಯಾಡ್ರೀ ಸಾವ್ಕಾರ್ರ. ಏನು ಹೇಳ್ತೀರಿ ಮಾಡ್ತೀನಿ."

"ಹಂಗಾದ್ರ ಇಳಿ. ತಳದಾಗ ಚಲೋ ಕಾಳು ಇರ್ತಾವ. ಬುಟ್ಟಿ ತುಂಬಿ ಕೊಡು. ಇಲ್ಲಾಂದ್ರ ಈಗಿಂದೀಗ ಮನಿ ಬಿಡು."

ಅವನು ಇಳಿಯಲು ಸಿದ್ಧನಾದ. ನಿಜವಾಗಿ, ಪಂಚೆ ಎತ್ತಿ ಕಟ್ಟಿಕೊಂಡ! ನಾನು ಬುಡ್ಡಿದೀಪ ಹಚ್ಚಿ ಹಗ್ಗಕ್ಕೆ ಕಟ್ಟಿ ಹಗೇವಿಗೆ ಇಳಿಸಿದೆ. ಮೊಳದಷ್ಟು ಇಳಿದಿತ್ತೋ ಇಲ್ಲವೋ, ಯಾರೋ ಚಿವುಟಿದ ಹಾಗೆ ಆರಿತು. ಮತ್ತೆ ಹಚ್ಚಿ ಇಳಿಸಿದೆ, ಮತ್ತೆ ಆರಿತು. ಸಾವ್ಕಾರ ದೀಪವನ್ನು ಒದ್ದ.

"ಬೇಕಂತ ಆರಸ್ತಾಳ. ಇಳೀಲೇ!"

ಗಂಡ ಬಾಯಿಯ ಅಂಚಿಗೆ ಕೂತು ಕಾಲು ಒಳಗೆ ಬಿಟ್ಟ. "ಬ್ಯಾಡ" ಅಂದೆ. "ಮನಿ ಹೋಗ್ತೈತಿ," ಅಂದ. ನಾನು ಬಗ್ಗಿ ಅವನ ಮುಂಗೈಯನ್ನು ಕಚ್ಚಿದೆ. ಸುಮ್ಮನೆ ಕಚ್ಚಿದ್ದಲ್ಲ, ಬಾಯಲ್ಲಿ ರಕ್ತ ಬರುವ ತನಕ ಕಚ್ಚಿದೆ. ಅವನು ನೋವಿಗೆ ಕೂಗಿ ಹಿಂದಕ್ಕೆ ಬಿದ್ದ. ನಾನು ಕಾಲಗಲಿಸಿ ಹಗೇವಿನ ಬಾಯಿಯ ಮೇಲೆ ನಿಂತೆ.

"ನಿನಗ ಕಾಳು ಬೇಕಾದ್ರ ನೀನೇ ಇಳಿಯೋ, ಗಂಡಸಾಗಿದ್ರ!"

ಏಕವಚನದಲ್ಲಿ ಅಂದುಬಿಟ್ಟಿದ್ದೆ. ಬಂಡಿಯವರು, ಆಳುಗಳು, ಎಲ್ಲರೂ ಕೇಳಿದರು. ಸಾವ್ಕಾರ ನನ್ನನ್ನು ಗೋಡೆಗೆ ತಳ್ಳಿ, "ನಮ್ಮಪ್ಪ ತೋಡಿದ ಹಗೇವು ಇದು, ನನ್ನನ್ನೇನು ತಿಂತೈತಿ?" ಎನ್ನುತ್ತಾ ಹಗ್ಗ ಹಿಡಿದು ಇಳಿದೇಬಿಟ್ಟ. ರಾಡಿಗೆ ಕಾಲು ಬಿದ್ದ ಸದ್ದು ಕೇಳಿತು. "ಏ..." ಅಂದ. ಅಷ್ಟೇ. ಹಗ್ಗ ಸಡಿಲವಾಯಿತು.

"ಯಾ ಅಲ್ಲಾ!" ಎಂದು ಚಾಚಾ ತಲೆ ಹಿಡಿದುಕೊಂಡ. ಮುದುಕಿ ತೆವಳುತ್ತಾ ಬಂದು ಬಾಯಿಯ ಬಳಿ ಬಿದ್ದು, "ನನ್ನ ಮಗಾ, ನನ್ನ ಮಗಾ" ಎಂದು ಹೊಟ್ಟೆ ಬಡಿದುಕೊಂಡಳು. ಬಂಡಿಯವರು, ಆಳುಗಳು ಓಡಿಹೋದರು. ನನ್ನ ಗಂಡ, ಅದೇ ಕಿವಿ ಹರಿದವನು, ಮತ್ತೆ ಇಳಿಯಲು ಹೊರಟ. ಅವನ ಕೂದಲು ಹಿಡಿದು ಎಳೆದೆ.

"ಇಳಿದ್ರ ಎರಡು ಹೆಣ. ನಿನ್ನ ಕೊಕ್ಕಿ ತಗೀ!"

ಹಮಾಲರ ಸೊಂಟದಲ್ಲಿ ಚೀಲ ಎಳೆಯುವ ಕಬ್ಬಿಣದ ಕೊಕ್ಕೆ ಇರುತ್ತದೆ. ಚಾಚಾ ಅದನ್ನು ಹಗ್ಗಕ್ಕೆ ಬಿಗಿದ. ಕತ್ತಲೆಯಲ್ಲಿ ಸಾವ್ಕಾರನ ಬಿಳಿ ಅಂಗಿ ಮಾತ್ರ ಕಾಣುತ್ತಿತ್ತು. ಮೊದಲ ಸಲ ಕೊಕ್ಕೆ ಅಂಗಿಯನ್ನು ಹರಿದುಕೊಂಡು ಬಂತು. ಎರಡನೆಯ ಸಲ ಹೆಗಲಿಗೆ ಇಳಿಯಿತು, ಮಾಂಸಕ್ಕೇ. ಗಂಡ ಕಣ್ಣು ಮುಚ್ಚಿಕೊಂಡ. "ಎಳೀರಿ!" ಎಂದು ಕಿರುಚಿದೆ. ಮೂವರೂ ಎಳೆದೆವು. ಜೋಳದ ಚೀಲ ಬಂದ ಹಾಗೆ ಬಂದ, ಮುಖ ಕಪ್ಪಿಟ್ಟು, ನಾಲಿಗೆ ಕಚ್ಚಿಕೊಂಡು. ಅಂಗಳಕ್ಕೆ ಎಳೆದು ಹಾಕಿ ಮುಖಕ್ಕೆ ನೀರು ಹೊಡೆದೆ. ಏಳಲಿಲ್ಲ. ಕೆನ್ನೆಗೆ ಬಾರಿಸಿದೆ, ಇನ್ನೊಂದು, ಮತ್ತೊಂದು. ಎಲ್ಲವೂ ಅವನನ್ನು ಬದುಕಿಸಲಿಕ್ಕೆ ಬಾರಿಸಿದ್ದಲ್ಲ. ಕೊನೆಗೆ ಉಸಿರೆಳೆದು ವಾಂತಿ ಮಾಡಿಕೊಂಡ.

ಹೆಗಲು ಕೀವಾಗಿ ಅವನು ವಾರಗಟ್ಟಲೆ ಹಾಸಿಗೆ ಹಿಡಿದ. ಆ ದಿನಗಳಲ್ಲಿ ಮುದುಕಿ ನನ್ನನ್ನು ಕರೆದು ಕೈ ಹಿಡಿದಳು.

"ಆ ಹಾಳು ಹಗೇವಿನ ಬಾಯಿ ಮುಚ್ಚಿಬಿಡವ್ವಾ. ನೀವು ಇಲ್ಲೇ ಇರ್ರಿ, ಅದೇ ಬಾಡಿಗ್ಯಾಗ ಇರ್ರಿ. ನನ್ನ ಮಾತು ಇದು."

ಚಪ್ಪಡಿ ಮುಚ್ಚಿ, ಕಾಲುವೆ ತೋಡಿದಲ್ಲಿಂದ ಗರಸುಮಣ್ಣು ಹೊತ್ತು ತಂದು, ಮೇಲೆ ಹಾಸಿ ದಮ್ಮಸ್ಸು ಹಾಕಿದೆವು. ಗಂಡ ದಿನವಿಡೀ ಗಂಜಿನಲ್ಲಿ ಹೊತ್ತು, ಸಂಜೆ ಇಲ್ಲಿ ಹೊರುತ್ತಿದ್ದ. ನಾನು ಸೆಗಣಿ ಸಾರಿಸಿದೆ, ಗೋಡೆಗೆ ಸುಣ್ಣ ಬಳಿದೆ, ಬಚ್ಚಲನ್ನು ಹೊರಗೆ ಕಟ್ಟಿಕೊಂಡೆ. ನಾತ ನಿಂತಿತು. ನೆಲ ಮಟ್ಟಸವಾಯಿತು. ಕೋಣೆಯ ನಡುವೆ, ಚಪ್ಪಡಿ ಇದ್ದ ಜಾಗದಲ್ಲಿ ಬೀಸುಕಲ್ಲು ಇಟ್ಟೆ. ಗಂಡ ಬಂದು ನೋಡಿ, "ಮನಿ ಕಂಡಂಗ ಕಾಣಾಕತ್ತೈತಲ್ಲಾ" ಅಂದ. ನಾನು ಆಗಲೇ ಮತ್ತೆ ಬಸುರಿಯಾಗಿದ್ದೆ. ಇದು ಉಳಿಯುತ್ತದೆ ಎಂದು ಆ ನೆಲದ ಮೇಲೆ ಮಲಗಿದಾಗ ನನಗೆ ಗಟ್ಟಿಯಾಗಿ ಅನ್ನಿಸಿತ್ತು.

ಮುದುಕಿ ಆ ಮಳೆಗಾಲದಲ್ಲಿ ಸತ್ತಳು. ಮಣ್ಣು ಮಾಡಿ ಬಂದು ಇನ್ನೂ ತಿಂಗಳಾಗಿರಲಿಲ್ಲ, ಸಾವ್ಕಾರ ಕೋಣೆಗೆ ಬಂದ. ಜೊತೆಗೆ ಕ್ಯಾಂಪಿನ ಗೊಬ್ಬರದ ವ್ಯಾಪಾರಿಯೊಬ್ಬ, ಬಿಳಿ ಪಂಚೆ, ಕೈಯಲ್ಲಿ ಗಡಿಯಾರ. ಸಾವ್ಕಾರನ ಒಂದು ಹೆಗಲು ಇಳಿಬಿದ್ದಿತ್ತು. ಬಾರುಕೋಲು ಈಗ ಎಡಗೈಗೆ ಬಂದಿತ್ತು. ಅವನು ನಮ್ಮ ಮುಖ ನೋಡಲಿಲ್ಲ, ನೆಲ ನೋಡಿದ. ಹಿಮ್ಮಡಿಯಿಂದ ಕುಟ್ಟಿ ನೋಡಿದ.

"ಗಟ್ಟಿ ಐತಿ," ಎಂದು ವ್ಯಾಪಾರಿಗೆ ಹೇಳಿದ. ಆಮೇಲೆ ನನ್ನ ಗಂಡನಿಗೆ, "ಇವರು ಮೂರು ಪಟ್ಟು ಬಾಡಿಗಿ ಕೊಡ್ತಾರ. ನೀವು ನಾಳಿ ಖಾಲಿ ಮಾಡ್ರಿ."

"ಅವ್ವಾರು ಮಾತು ಕೊಟ್ಟಿದ್ರಲ್ರೀ," ಅಂದ ಗಂಡ.

"ಮಾತು ಕೊಟ್ಟಾಕಿ ಸತ್ತಾಳ. ಅವಾಗ ಇದು ಹಗೇವಿನ ಕೋಣಿ, ಅದಕ್ಕ ಸಸ್ತಾ ಇತ್ತು. ಈಗ ಹಗೇವು ಎಲ್ಲೈತಿ? ಈಗ ಇದು ಮನಿ."

ಕೇಳಿದಿರಾ? ಅವನ ಹಾಳು ಗುಂಡಿಯನ್ನು ಮನೆ ಮಾಡಿದವರು ನಾವು. ಮನೆಯಾದದ್ದಕ್ಕೇ ಅದು ನಮಗೆ ದಕ್ಕಬಾರದು. ಗಂಡ ಆಗಲೇ ಹಾಸಿಗೆ ಸುತ್ತಲು ಬಗ್ಗಿದ್ದ. ನನಗೆ ತಲೆಯಲ್ಲಿ ಬೆಂಕಿ ಹತ್ತಿತು. ಬೀಸುಕಲ್ಲನ್ನು ಪಕ್ಕಕ್ಕೆ ಉರುಳಿಸಿದೆ. ಮೂಲೆಯಲ್ಲಿ ಒರಗಿಸಿದ್ದ ಹಾರೆ ತಗೊಂಡೆ. ಸಾವ್ಕಾರ ತನ್ನ ತಲೆಗೇ ಬಂತೆಂದು ಎರಡು ಹೆಜ್ಜೆ ಹಿಂದೆ ಹೋದ. ನಾನು ಹೊಡೆದದ್ದು ನೆಲಕ್ಕೆ. ನಾನೇ ಸಾರಿಸಿದ ನೆಲ. ಗರಸು ಸಿಡಿಯಿತು. ಬಸುರಿ ಎನ್ನುವುದನ್ನೂ ಮರೆತು ಹೊಡೆದೆ. ಗಂಡ "ಏ, ಏ" ಎನ್ನುತ್ತಿದ್ದ. ಹಾರೆ ಚಪ್ಪಡಿಗೆ ತಾಗಿತು. ಅಂಚಿಗೆ ತೂರಿಸಿ ಮೈಭಾರವೆಲ್ಲ ಹಾಕಿ ಮೀಟಿದೆ.

ಒಂದು ಗೇಣು ಬಾಯಿ ತೆರೆಯಿತು. ಅಷ್ಟೂ ದಿನ ಒಳಗೆ ಕುದಿಯುತ್ತಿದ್ದದ್ದು ಒಮ್ಮೆಲೇ ಮೇಲೆ ಬಂತು. ಸತ್ತ ಎಮ್ಮೆಯೂ ಅಷ್ಟು ನಾರುವುದಿಲ್ಲ.

"ತಗೋ ನಿನ್ನ ಹಗೇವು! ಎಲ್ಲೈತಿ ಅಂದೆಲ್ಲ, ಇಲ್ಲೈತಿ ನೋಡು! ಬಾ, ಮತ್ತ ಇಳಿ!"

ವ್ಯಾಪಾರಿ ಪಂಚೆಯ ತುದಿಯನ್ನು ಮೂಗಿಗೆ ಒತ್ತಿ, "ವದ್ದು, ವದ್ದು ನಾಕು" ಎಂದು ತನ್ನ ತೆಲುಗಿನಲ್ಲಿ ಬೇಡವೆನ್ನುತ್ತಾ ಓಡಿದ. ಸಾವ್ಕಾರ ಬಾರುಕೋಲು ಎತ್ತಿದ. ಎತ್ತಿದ ಕೈ ಅಲ್ಲೇ ನಿಂತಿತು. ಆ ನಾತ ಅವನ ಮೈಗೆ ಗೊತ್ತಿತ್ತು. ಹೊಸ್ತಿಲಲ್ಲಿ ಕುಸಿದು ಕೂತು ವಾಂತಿ ಮಾಡಿದ. ನನಗೆ ಖುಷಿಯಾಯಿತು. ಯಾಕೆ ಸುಳ್ಳು ಹೇಳಲಿ, ಬಹಳ ಖುಷಿಯಾಯಿತು.

"ಸಾಯ್ರಿ ಇದ್ರಾಗ," ಎಂದು ಗೋಡೆ ಹಿಡಿದುಕೊಂಡು ಎದ್ದು ಹೋದ. ಮತ್ತೆಂದೂ ಆ ಹೊಸ್ತಿಲು ಹತ್ತಲಿಲ್ಲ.

ನಾವು ಸಾಯಲಿಲ್ಲ, ಇದ್ದೆವು. ಹಳೆಯ ಬಾಡಿಗೆಗೇ ಇದ್ದೆವು. ಚಪ್ಪಡಿಯನ್ನು ಮತ್ತೆ ಕೂಡಿಸಿ ಮೆತ್ತಿದೆ, ಒಂದು ಕಡೆ ಮಾತ್ರ ಬೆರಳು ಹೋಗುವಷ್ಟು ಬಿರುಕು ಬಿಟ್ಟು, ಅದಕ್ಕೆ ಅರಿವೆಯ ಚಿಂದಿ ತುರುಕಿದೆ. ಯಾರಾದರೂ ಕೋಣೆ ಕೇಳಿಕೊಂಡು ಬಂದರೆ, "ಬರ್ರಿ, ಕುಂದರ್ರಿ" ಎನ್ನುತ್ತಾ ಆ ಅರಿವೆ ಎಳೆಯುತ್ತಿದ್ದೆ. ನೀರು ಕೊಡುವಷ್ಟರಲ್ಲಿ ಅವರು ಬೀದಿಯಲ್ಲಿ ಇರುತ್ತಿದ್ದರು. ನನ್ನ ಮೂರು ಮಕ್ಕಳೂ ಅಲ್ಲೇ ಹುಟ್ಟಿದವು. ಶಾಲೆಯಲ್ಲಿ ಅವುಗಳ ಪಕ್ಕ ಯಾರೂ ಕೂರುತ್ತಿರಲಿಲ್ಲ. ದೊಡ್ಡವಳು ಒಂದು ದಿನ ಅಳುತ್ತಾ ಬಂದು, "ಯವ್ವಾ, ನಮ್ಮ ಮೈ ನಾರತೈತಂತ" ಅಂದಳು. ಅವಳನ್ನು ತಿಕ್ಕಿ ತಿಕ್ಕಿ ತೊಳೆದೆ, ಚರ್ಮ ಕೆಂಪಾಗುವ ತನಕ. ನಾರದಿರುವ ಮನೆ ಆ ಊರಲ್ಲಿ ನಮಗಾಗಿ ಇರಲಿಲ್ಲ.

ವರ್ಷಗಳು ಹೋದಂತೆ ಒಳಗಿನದು ಕೊಳೆತು ಮಣ್ಣಾಯಿತು, ನಾತ ಕಡಿಮೆಯಾಗುತ್ತಾ ಬಂತು. ಗಂಡ, ಮಕ್ಕಳು ಎಲ್ಲರೂ ಹಿಗ್ಗಿದರು. ನನಗೆ ಮಾತ್ರ ನಿದ್ದೆ ಬರಲಿಲ್ಲ. ನಾತ ಹೋದರೆ ಬಾಡಿಗೆ ಏರುತ್ತದೆ. ಎಲ್ಲರೂ ಹೊರಗೆ ಹೋದ ಮೇಲೆ ಬಾಗಿಲು ಹಾಕಿ, ಹಳಸಿದ ಗಂಜಿ, ಮುಸುರೆ, ಬಚ್ಚಲ ನೀರು, ಏನು ಸಿಕ್ಕಿತೋ ಅದನ್ನು ಆ ಬಿರುಕಿನಲ್ಲಿ ಸುರಿಯತೊಡಗಿದೆ. ಹಗೇವಿಗೆ ನೀರು ಹಾಕಿದೆನೆಂದು ಅವನು ನನ್ನನ್ನು ಹೊಡೆದಾಗ ನಾನು ಒಂದು ಹನಿಯನ್ನೂ ಹಾಕಿರಲಿಲ್ಲ. ಆಮೇಲೆ ದಿನಾ ಹಾಕಿದೆ.